ತೂಗುಮಣೆಯ ಮೇಲೊಂದು ಹರಾಜು

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಫ್ಲಾಟಿನ ಜೊತೆ ಒಂದು ತೂಗುಮಣೆಯೂ ಬಂತು. ಇಲ್ಲಿಯವರು ಅದನ್ನು ಹೀಂಚ್ಕೊ ಅನ್ನುತ್ತಾರೆ. ತೇಗದ ಹಲಗೆ, ಹಿತ್ತಾಳೆಯ ನಾಲ್ಕು ಸರಪಳಿ, ಸರಪಳಿಯ ನಡುನಡುವೆ ಆನೆ, ಕುದುರೆ, ನವಿಲು. ನವಿಲುಗಳಲ್ಲಿ ಒಂದಕ್ಕೆ ಕತ್ತಿಲ್ಲ. ಬೀಗದ ಕೈ ಕೊಡುವ ದಿನ ಮನೆ ಮಾಲೀಕರು ನಲ್ಲಿ, ಗೀಜರು, ಫ್ಯಾನು ಎಲ್ಲವನ್ನೂ ಎರಡು ನಿಮಿಷದಲ್ಲಿ ತೋರಿಸಿ, ತೂಗುಮಣೆಯ ಮುಂದೆ ಮಾತ್ರ ಕಾಲು ಗಂಟೆ ನಿಂತರು. ವಾರಕ್ಕೊಮ್ಮೆ ಕೊಂಡಿಗೆ ಎಣ್ಣೆ ಬಿಡಬೇಕು, ಮಕ್ಕಳನ್ನು ಅದರ ಮೇಲೆ ನಿಲ್ಲಿಸಬಾರದು, ಖಾಲಿ ಮಣೆಯನ್ನು ತೂಗಬಾರದು. ಗುಜರಾತಿಗಳ ಮನೆಯಲ್ಲಿ ಸಂಬಂಧ ಕುದುರಿಸುವುದು, ಅಂಗಡಿ ಪಾಲು ಮಾಡುವುದು, ಊಟವಾದ ಮೇಲೆ ಸೋಂಪು ಮೆಲ್ಲುವುದು ಎಲ್ಲ ಅದರ ಮೇಲೇ. ನಾವು ಅದರ ಮೇಲೆ ಕೂತು ಮಾಡಿದ್ದು ಒಂದೇ ಕೆಲಸ: ಐಪಿಎಲ್‌ನ ನಮ್ಮ ಬೆಂಗಳೂರು ತಂಡ ಆರ್‌ಸಿಬಿಗೆ ಕ್ಯಾಪ್ಟನ್ ಹುಡುಕಿದ್ದು.

ನಾವು ಎಂದರೆ ನಾಲ್ಕು ಜನ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸುರತ್ಕಲ್‌ನವರು. ವಾಲ್ವು, ಪೈಪು ಮಾರುತ್ತ ಗುಜರಾತೆಲ್ಲ ಸುತ್ತುವ ಹುಬ್ಬಳ್ಳಿಯವರು. ಇಸ್ರೊದಲ್ಲಿದ್ದು ನಿವೃತ್ತರಾಗಿ ಊರಿಗೆ ವಾಪಸ್ ಹೋಗುತ್ತೇನೆ ಎಂದು ವರ್ಷಾ ವರ್ಷಾ ಹೇಳುತ್ತ ಇಲ್ಲೇ ಉಳಿದಿರುವ ರಾಯರು. ಮೈಸೂರು ಕಡೆಯ ನಾನು. ಐದನೆಯವರು ಕೆಳಗಿನ ಮನೆಯ ಕಾಕಾ. ಷೇರು ಪೇಟೆಯವರು. ಕನ್ನಡ ಬಾರದು, ಆದರೆ ‘ಈ ಸಲ ಕಪ್ ನಮ್ದೇ’ ಎಂಬ ನಾಲ್ಕು ಪದ ಬರುತ್ತದೆ. ಲಿಫ್ಟಿನಲ್ಲಿ ನಮ್ಮನ್ನು ಕಂಡಾಗಲೆಲ್ಲ ಅದನ್ನು ಪ್ರಶ್ನೆಯ ಧಾಟಿಯಲ್ಲಿ ಹೇಳುತ್ತಿದ್ದರು. ಬೆಂಗಳೂರಿನಿಂದ ಇಷ್ಟು ದೂರ ಬಂದ ಮೇಲೂ ನಮ್ಮ ತಂಡ ಕಪ್ ಗೆಲ್ಲದ ಅವಮಾನ ಲಿಫ್ಟಿನಲ್ಲಿ ನಮ್ಮ ಜೊತೆ ಹತ್ತಿ ಇಳಿಯುತ್ತಿತ್ತು.

ಅವಮಾನಕ್ಕೆ ಸ್ಥಳೀಯ ಕಾರಣವೂ ಇತ್ತು. ಮೊಟೇರಾದ ದೊಡ್ಡ ಸ್ಟೇಡಿಯಂ ನಮಗೇನು ದೂರವಲ್ಲ. ಥಲತೇಜ್‌ನಲ್ಲಿ ಮೆಟ್ರೊ ಹತ್ತಿ, ಓಲ್ಡ್ ಹೈಕೋರ್ಟ್‌ನಲ್ಲಿ ಬದಲಿಸಿದರೆ ಆಯಿತು. 2022ರ ಮೇ 27ರಂದು ಅಲ್ಲಿ ಎರಡನೇ ಕ್ವಾಲಿಫೈಯರ್. ನಾನು ಕೆಂಪು ಜೆರ್ಸಿ ಹಾಕಿಕೊಂಡು ಹೋದೆ. ಬಟ್ಲರ್ ಶತಕ ಹೊಡೆದ, ರಾಜಸ್ಥಾನ 7 ವಿಕೆಟ್‌ನಿಂದ ಗೆದ್ದಿತು. 2024ರ ಮೇ 22ರಂದು ಅಲ್ಲೇ ಎಲಿಮಿನೇಟರ್. ಮತ್ತೆ ರಾಜಸ್ಥಾನ, ಮತ್ತೆ ನಾನು, ಮತ್ತೆ ಅದೇ ಜೆರ್ಸಿ. 4 ವಿಕೆಟ್ ಸೋಲು. ಮೆಟ್ರೊದಲ್ಲಿ ಜೆರ್ಸಿಯ ಮೇಲೆ ಟವೆಲ್ ಹೊದ್ದು ಮನೆಗೆ ಬಂದೆ. ಬಾಗಿಲು ತೆಗೆದ ಮನೆಯಾಕೆ ಏನೂ ಹೇಳಲಿಲ್ಲ. ಜೆರ್ಸಿಯನ್ನು ಒಗೆದು, ಮಡಚಿ, ಅಟ್ಟದ ಮೇಲಿನ ಟ್ರಂಕಿನೊಳಗೆ ಇಟ್ಟಳು. ಅದರ ಅರ್ಥ ನನಗೆ ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು.

ಹರಾಜಿನ ದಿನಕ್ಕೆ ಬರೋಣ. 2024ರ ನವೆಂಬರ್ 24, ಭಾನುವಾರ. ಹರಾಜು ನಡೆಯುತ್ತಿದ್ದದ್ದು ಸೌದಿಯ ಜೆಡ್ಡಾದಲ್ಲಿ, ಜಗಳ ನಡೆಯುತ್ತಿದ್ದದ್ದು ನಮ್ಮ ಬಾಲ್ಕನಿಯಲ್ಲಿ. ಆರ್‌ಸಿಬಿ ಮೂರೇ ಜನರನ್ನು ಉಳಿಸಿಕೊಂಡಿತ್ತು: ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5. ಕ್ಯಾಪ್ಟನ್ ಫಾಫ್ ಡು ಪ್ಲೆಸಿಯನ್ನು ಬಿಟ್ಟುಕೊಟ್ಟಿತ್ತು. ಪಾಪ, ಒಳ್ಳೆಯ ಮನುಷ್ಯ. 2023ರಲ್ಲಿ ನಮ್ಮ ಘೋಷಣೆಯನ್ನು ‘ಈ ಸಲ ಕಪ್ ನಹೀ’ ಎಂದು ಹೇಳಿಬಿಟ್ಟು ಪಕ್ಕದಲ್ಲಿದ್ದ ಕೊಹ್ಲಿ ಬಿದ್ದು ಬಿದ್ದು ನಗುವಂತೆ ಮಾಡಿದ್ದ. ಆ ವರ್ಷ ಅವನು ಹೇಳಿದ್ದೇ ನಿಜವಾಯಿತು. ಈಗ ಕೈಯಲ್ಲಿ 83 ಕೋಟಿ, ಕುರ್ಚಿ ಖಾಲಿ. ಹರಾಜಿನ ಪಟ್ಟಿಯಲ್ಲಿ ಕೆ.ಎಲ್. ರಾಹುಲ್ ಎಂಬ ಹೆಸರು.

ತೂಗುಮಣೆಗೆ ಒಂದು ಕಾನೂನು ಮಾಡಿಕೊಂಡಿದ್ದೆವು. ಅದರ ಮೇಲೆ ಕೂತವರು ಮಾತಾಡಬೇಕು, ಉಳಿದವರು ಅವರು ಇಳಿಯುವ ತನಕ ಬಾಯಿ ಬಿಡಬಾರದು. ಕಾನೂನು ತಂದವರು ಸುರತ್ಕಲ್‌ನವರು. ಅಂದು ಅವರು ಮೂರು ಗಂಟೆಗೇ ಬಂದು ಕೂತುಬಿಟ್ಟಿದ್ದರು.

“ಇದರಲ್ಲಿ ಚರ್ಚೆ ಎಂತದ್ದು ಮಾರಾಯ್ರೆ? ಕೀಪರ್ ಬೇಕು, ಉಂಟು. ಓಪನರ್ ಬೇಕು, ಉಂಟು. ಕ್ಯಾಪ್ಟನ್ ಬೇಕು, ಉಂಟು. ಮೂರೂ ಒಬ್ಬನೇ. ಮೇಲಿಂದ ನಮ್ಮ ಹುಡುಗ. ಎನ್‌ಐಟಿಕೆ ಕ್ಯಾಂಪಸ್‌ನಲ್ಲಿ ಬೆಳೆದದ್ದು, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ.”

ಹುಬ್ಬಳ್ಳಿಯವರಿಗೆ ಕಾನೂನು ಪಾಲಿಸುವ ಅಭ್ಯಾಸವಿಲ್ಲ. “ಅಲ್ರೀ, ನೀವು ಕೂಗಿದ್ರ ಕೇಳ್ತದ, ಖರೆ. ಅವ ಓಡಬೇಕಲ್ರೀ? ಇಲ್ಲೇ, ಇದ ಮೊಟೇರಾದಾಗ, ವರ್ಲ್ಡ್‌ಕಪ್ ಫೈನಲ್‌ನ್ಯಾಗ 107 ಬಾಲಿಗೆ 66. ಎಷ್ಟು ಫೋರ್ ಹೊಡದಾನ್ರೀ? ಒಂದ! ನಾ ಸ್ಟೇಡಿಯಂದಾಗ ಇದ್ದೆ. ನನ್ನ ಬಾಜೂಕ ಕುಂತಾಂವ ಮುಂಗಫಲಿ ಸುಲದು ಸುಲದು ಒಂದು ಕಿಲೋ ಖಾಲಿ ಮಾಡಿದ.”

2023ರ ನವೆಂಬರ್ 19ರ ಆ ರಾತ್ರಿಯನ್ನು ಈ ಊರಿನಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಒಂದು ನಿಮಿಷ ಮೌನ ಆಚರಿಸಬೇಕಾಗುತ್ತದೆ. ಆಚರಿಸಿದೆವು.

ಸುರತ್ಕಲ್‌ನವರು ಬಿಡಲಿಲ್ಲ. 2016ರಲ್ಲಿ ಇದೇ ರಾಹುಲ್ ಆರ್‌ಸಿಬಿಗೆ 397 ರನ್ ಹೊಡೆದದ್ದು, 2018ರ ಹರಾಜಿನಲ್ಲಿ ಪಂಜಾಬ್ 11 ಕೋಟಿಗೆ ಎತ್ತಿಕೊಂಡು ಹೋದದ್ದು, 2020ರಲ್ಲಿ 670 ರನ್ ಹೊಡೆದು ಕಿತ್ತಳೆ ಟೋಪಿ ಹಾಕಿಕೊಂಡದ್ದು, ಆ ಸೀಸನ್ನಿನಲ್ಲೇ ನಮ್ಮ ಮೇಲೇ 132 ಬಾರಿಸಿದ್ದು, ಎಲ್ಲ ಬಡ್ಡಿ ಸಮೇತ ಲೆಕ್ಕ ಒಪ್ಪಿಸಿದರು. ಬ್ಯಾಂಕಿನವರು. “ನಮ್ಮ ಮಕ್ಕಳನ್ನು ನಾವು ಸಾಕುವುದಿಲ್ಲ. ಊರವರು ಸಾಕುತ್ತಾರೆ. ಉತ್ತಪ್ಪ ಎಲ್ಲಿ ಕಿತ್ತಳೆ ಟೋಪಿ ಹಾಕಿದ? ಕೋಲ್ಕತ್ತಾದಲ್ಲಿ. ಮನೀಶ್ ಪಾಂಡೆ? ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ, 2009ರಲ್ಲಿ, ನಮ್ಮ ಜೆರ್ಸಿಯಲ್ಲೇ. 2014ರ ಫೈನಲ್‌ನಲ್ಲಿ 94 ಹೊಡೆದು ಕಪ್ ಕೊಟ್ಟದ್ದು ಯಾರಿಗೆ? ಕೋಲ್ಕತ್ತಾಗೆ. ಅದೂ ಎಲ್ಲಿ? ಚಿನ್ನಸ್ವಾಮಿಯಲ್ಲಿ!” ಅವರ ದನಿ ನಡುಗಿತು. ತೂಗುಮಣೆ ನಿಂತೇ ಹೋಯಿತು.

ಇಷ್ಟು ಹೊತ್ತಿಗೆ ಡಲ್ಲಾಸ್‌ನಿಂದ ಅಕ್ಕನ ಮಗನ ವಿಡಿಯೋ ಕಾಲ್. ಅಲ್ಲಿ ಬೆಳಗಿನ ಜಾವ. ಅವನಿಗೆ ನಿದ್ದೆ ಬಾರದ ಕಾರಣವೂ ಇದೇ ಜಾತಿಯದು. ಅವರ ಊರಿನ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್. ಕಾಲಿನಲ್ಲಿ ಅಪರೂಪಕ್ಕೆ ಒದೆಯುವ, ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರಿಟ್ಟರೋ ಆ ಅಮೆರಿಕದವರನ್ನೇ ಕೇಳಬೇಕು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬನಿರುತ್ತಾನೆ. ಚೆಂಡು ಮೊದಲು ಅವನ ಕೈಗೆ ಬರುತ್ತದೆ, ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು ಎಂದು ಅವನೇ ನೋಡಬೇಕು. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಇದ್ದ ಹಾಗೆ. ಊಟ ಚೆನ್ನಾಗಿದ್ದರೆ ಬೀಗರಿಗೆ ಹೆಸರು, ಸಾರು ನೀರಾದರೆ ಭಟ್ಟರಿಗೆ ಬೈಗುಳ.

ಕೌಬಾಯ್ಸ್‌ನ ಭಟ್ಟರ ಹೆಸರು ಡ್ಯಾಕ್ ಪ್ರೆಸ್ಕಾಟ್. ಅದೇ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರಿಗೆ ಒಪ್ಪಂದ ಆಗಿತ್ತು. ನವೆಂಬರಿನಲ್ಲಿ ತೊಡೆಯ ಸ್ನಾಯು ಹರಿದು, ಆಪರೇಷನ್ ಆಗಿ ಮಲಗಿದ್ದ. ಈಗ ಡಲ್ಲಾಸ್ ಊರಿಗೆ ಊರೇ ಎರಡು ಪಂಗಡ: ಹೊಸಬನನ್ನು ತರಬೇಕು ಎನ್ನುವವರು, ಇವನೇ ಸಾಕು ಎನ್ನುವವರು.

“ಮಾಮ, ಇವರು ಕೊನೇ ಸಲ ಕಪ್ ಗೆದ್ದದ್ದು 1996ರ ಜನವರಿಯಲ್ಲಿ. ನಾನು ಹುಟ್ಟೇ ಇರಲಿಲ್ಲ. ಪ್ರತಿ ವರ್ಷ ಈ ಸಲ ನಮ್ದೇ ಅಂತಾರೆ.”

ಹುಬ್ಬಳ್ಳಿಯವರ ಕಣ್ಣು ಒದ್ದೆಯಾಯಿತು. “ಅಮೆರಿಕಾದಾಗೂ ನಮ್ಮ ಮಂದಿ ಅದಾರ ಅನ್ನು.”

ಅಲ್ಲಿ ಹರಾಜು ಇಲ್ಲ, ಡ್ರಾಫ್ಟ್ ಎಂಬ ಪದ್ಧತಿ. ಕಾಲೇಜಿನಿಂದ ಹೊರಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಸರದಿಯಲ್ಲಿ ಮೊದಲ ಪಾಳಿ ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದ ತಂಡಕ್ಕೆ. ಇದನ್ನು ಕೇಳಿ ನಮ್ಮ ಬಾಲ್ಕನಿಯಲ್ಲಿ ಸಂಚಲನವಾಯಿತು. ಸೋತವರಿಗೆ ಮೊದಲ ಎಲೆ! 2017ರಲ್ಲೂ 2019ರಲ್ಲೂ ನಾವು ಪಟ್ಟಿಯ ತಳದಲ್ಲಿ ಕೂತವರು, 2017ರಲ್ಲಂತೂ ಈಡನ್ ಗಾರ್ಡನ್ಸ್‌ನಲ್ಲಿ 49 ರನ್ನಿಗೆ ಇಡೀ ತಂಡ ಪೆವಿಲಿಯನ್ ಸೇರಿತ್ತು. ಆ ಪದ್ಧತಿ ಇಲ್ಲಿದ್ದಿದ್ದರೆ ನಾವು ಯಾರನ್ನು ಬೇಕಾದರೂ ಎತ್ತಿಕೊಂಡು ಬರಬಹುದಿತ್ತು ಎಂದು ಐದು ನಿಮಿಷ ಸುಖವಾಗಿ ಕನಸು ಕಂಡೆವು. ರಾಯರು ಅದನ್ನು ಒಡೆದರು. “ಆರಿಸೋ ಅವಕಾಶ ಕೊಟ್ಟರೆ ಸಾಲದಯ್ಯಾ. ಆರಿಸೋ ಬುದ್ಧಿ ಯಾರು ಕೊಡ್ತಾರೆ?”

ಆಗ ಹುಡುಗ ಒಂದು ಕಥೆ ಹೇಳಿದ. ಟಾಮ್ ಬ್ರೇಡಿ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್. 2000ದ ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲು 198 ಹುಡುಗರನ್ನು ಕರೆದರು, ಇವನನ್ನು ಯಾರೂ ಕೇಳಲಿಲ್ಲ. 199ನೆಯವನಾಗಿ ಹೋದವನು ಅವರ ಕಪ್ಪಾದ ಸೂಪರ್ ಬೌಲನ್ನು ಏಳು ಸಲ ಗೆದ್ದ.

ನನಗೆ ತಕ್ಷಣ ಹೊಳೆದ ಹೆಸರು ರಜತ್ ಪಾಟೀದಾರ್. 2022ರ ಹರಾಜಿನಲ್ಲಿ ಇಂದೋರಿನ ಈ ಹುಡುಗನನ್ನು ಕೊಳ್ಳಲು ಒಂದು ತಂಡವೂ ಕೈ ಎತ್ತಲಿಲ್ಲ. ಸೀಸನ್ ನಡುವೆ ನಮ್ಮ ಕರ್ನಾಟಕದ ಲವ್ನಿತ್ ಸಿಸೋಡಿಯಾ ಗಾಯಗೊಂಡಾಗ ಆ ಜಾಗಕ್ಕೆ 20 ಲಕ್ಷಕ್ಕೆ ಕರೆಸಿಕೊಂಡರು. ಮನೆಯಲ್ಲಿ ಅವನ ಮದುವೆಗೆ ದಿನ ಗೊತ್ತುಮಾಡಿದ್ದರಂತೆ, ಅದನ್ನು ಮುಂದೂಡಿ ಬಂದ. ಬಂದವನು ಮೇ 25ರಂದು ಲಖನೌ ವಿರುದ್ಧ ಎಲಿಮಿನೇಟರ್‌ನಲ್ಲಿ 54 ಬಾಲಿಗೆ ಔಟಾಗದೆ 112. ಆ ದಿನ ಎದುರಾಳಿ ಕ್ಯಾಪ್ಟನ್ ಯಾರು? ರಾಹುಲ್. 58 ಬಾಲಿಗೆ 79 ಹೊಡೆದು, 14 ರನ್ನಿನಿಂದ ಸೋತ.

ಇದನ್ನು ಹೇಳಿದ್ದು ತಪ್ಪಾಯಿತು. ಸುರತ್ಕಲ್‌ನವರು ಮಣೆಯಿಂದ ಇಳಿದೇಬಿಟ್ಟರು. “ಅಂದರೆ ಈಗ ನೀವು ಆ ಇಂದೋರಿನವನನ್ನು ಕ್ಯಾಪ್ಟನ್ ಮಾಡಿ ಅಂತ ಹೇಳುವುದಾ?”

ನಾನು ಹಾಗೆ ಹೇಳಿರಲಿಲ್ಲ. ಇಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ನಾನು ಹೇಳಿದ್ದು, ಪಾಟೀದಾರ್ ಒಳ್ಳೆಯ ಆಟಗಾರ, ಆದರೆ ಕ್ಯಾಪ್ಟನ್ ಆಗುವ ಮುಖ ಅಲ್ಲ, ಮೈಕ್ ಹಿಡಿದರೆ ನಾಲ್ಕು ಮಾತು ಆಡಲು ಹತ್ತು ನಿಮಿಷ ಬೇಕು, ರಾಹುಲ್‌ನನ್ನೇ ತರಲಿ, ಎಂದು. ಇದಕ್ಕೆ ಸಾಕ್ಷಿಗಳಿದ್ದಾರೆ. ಅವರೇ ಆಮೇಲೆ ನನ್ನ ಜೀವ ತಿಂದದ್ದು.

ಆಗಲೇ ಕಾಕಾ ಡಬರಿಯಲ್ಲಿ ಊಂಧಿಯು ಹಿಡಿದು ಮೇಲೆ ಬಂದರು. ಚಳಿಗಾಲದ ಮೊದಲ ಊಂಧಿಯು. ನೇರಳೆ ಬಣ್ಣದ ಗೆಣಸು, ಮೆಂತ್ಯದ ಮುಠಿಯಾ, ಸೂರತ್ ಅವರೆಕಾಯಿ. ಹುಬ್ಬಳ್ಳಿಯವರು ಅದಕ್ಕೆ ರೊಟ್ಟಿ ಹಚ್ಚಿಕೊಂಡು ತಿನ್ನುತ್ತಾರೆ, ಕಾಕಾ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ಕೂತವರೇ ಟಿವಿ ನೋಡಿ, “ಶುಂ ಭಾವ್?” ಎಂದರು. ಕಾಕಾಗೆ ಆಟಗಾರನ ಸರಾಸರಿ, ಸ್ಟ್ರೈಕ್‌ರೇಟ್ ಬೇಡ, ಇವತ್ತಿನ ದರ ಬೇಕು. ಶ್ರೇಯಸ್ ಅಯ್ಯರ್ 26.75 ಕೋಟಿ, ಪಂತ್ 27 ಕೋಟಿ. ಕಾಕಾ ಹಣೆ ಚಚ್ಚಿಕೊಂಡರು. “ಏರಿದ ಷೇರು ಕೊಳ್ಳೋನು ದಡ್ಡ. ಬಿದ್ದಿದ್ದನ್ನು ಕೊಂಡು ಕಾಯಬೇಕು.” ಕ್ಯಾಪ್ಟನ್ ಬದಲಾಯಿಸುವ ವಿಷಯದಲ್ಲಿ ಅವರಿಗೆ ಸ್ವಂತ ಗಾಯವೂ ಇತ್ತು. 2022ರಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್‌ಗೆ ಮೊದಲ ವರ್ಷವೇ ಕಪ್ ತಂದುಕೊಟ್ಟ. 2023ರ ನವೆಂಬರಿನಲ್ಲಿ ಗಂಟುಮೂಟೆ ಕಟ್ಟಿ ಮುಂಬೈಗೆ ಹೋದ. ಮರುವರ್ಷ ಗುಜರಾತ್ ಎಂಟನೇ ಸ್ಥಾನ, ಮುಂಬೈ ಹತ್ತನೇ ಸ್ಥಾನ. “ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಲಾಭ ಆಗಿದ್ದು ವಕೀಲರಿಗೆ ಮಾತ್ರ,” ಎಂದರು. ವಕೀಲರು ಎಲ್ಲಿಂದ ಬಂದರೋ ತಿಳಿಯಲಿಲ್ಲ, ಕಾಕಾ ಎಲ್ಲ ಮಾತನ್ನೂ ಹಾಗೇ ಮುಗಿಸುತ್ತಾರೆ.

ಆಮೇಲೆ ನಮ್ಮ ಸಿರಾಜ್ 12.25 ಕೋಟಿಗೆ ಗುಜರಾತಿನ ಪಾಲಾದ. ನಾವು ಲಿವಿಂಗ್‌ಸ್ಟನ್‌ನನ್ನು 8.75ಕ್ಕೆ ಕೊಂಡೆವು. ಹಿಂದೆಯೇ ಹರಾಜು ಕೂಗುವ ಮಲ್ಲಿಕಾ ಸಾಗರ್ ರಾಹುಲ್ ಹೆಸರು ಕರೆದರು. ಬಾಲ್ಕನಿಯಲ್ಲಿ ಉಸಿರಿಲ್ಲ. ಆರ್‌ಸಿಬಿ ಮೇಜಿನಿಂದ ಫಲಕ ಎದ್ದಿತು. ಸುರತ್ಕಲ್‌ನವರು ಕಣ್ಣು ಮುಚ್ಚಿ ಕಟೀಲಮ್ಮನಿಗೆ ಹರಕೆ ಹೇಳಿಕೊಂಡರು. ಕಣ್ಣು ಬಿಡುವಷ್ಟರಲ್ಲಿ ಫಲಕ ಇಳಿದಿತ್ತು. ಡೆಲ್ಲಿ, 14 ಕೋಟಿ. ಅವರು ಗೋಡೆಗೆ ಒರಗಿ ಕೂತರು. ಇದಕ್ಕೂ ಕೆಟ್ಟದ್ದು ಆಮೇಲೆ ಬಂತು. ವೆಂಕಟೇಶ್ ಅಯ್ಯರ್ ಎಂಬ ಇನ್ನೊಬ್ಬ ಇಂದೋರಿನವನಿಗಾಗಿ ಅದೇ ಫಲಕ 23.50 ಕೋಟಿವರೆಗೆ ಏರುತ್ತಲೇ ಹೋಯಿತು. ಕೋಲ್ಕತ್ತಾ 23.75 ಕೊಟ್ಟು ನಮ್ಮನ್ನು ಉಳಿಸಿತು. “ಊರ ಹುಡುಗನಿಗೆ ಹದಿನಾಲ್ಕು ಹೆಚ್ಚಾಯಿತು, ಅವನಿಗೆ ಇಪ್ಪತ್ತಮೂರೂವರೆ ಉಂಟು!” ಆ ಸಂಜೆ ಸುರತ್ಕಲ್‌ನವರು ಊಂಧಿಯು ಮುಟ್ಟಲಿಲ್ಲ.

ಒಳಗಿನಿಂದ ಮನೆಯಾಕೆ ಬಂದದ್ದು ಆಗ. ಲೋಟಗಳನ್ನು ಎತ್ತಿಕೊಳ್ಳುತ್ತ ಕೇಳಿದಳು, “ಕನ್ನಡದ ಹುಡುಗನೇ ಬೇಕು ಅಂತ ಯಾಕೆ ಹಟ?”

“ತಂಡದ ಹೆಸರೇ ಬೆಂಗಳೂರು ಅಲ್ವೇನೇ?”

“ನಿಮ್ಮ ಕಂಪನಿ ಯಾವ ಊರಿಂದು?”

“ಅಹಮದಾಬಾದ್.”

“ಇಲ್ಲಿಯೋರು ಯಾರೂ ಗುಜರಾತಿ ಹುಡುಗನೇ ಬೇಕು ಅಂತ ನಿಮ್ಮ ಕುರ್ಚಿ ಕಿತ್ತುಕೊಂಡ್ರಾ? ನೀವು ನಾಲ್ಕು ಜನಾನೂ ಓವರ್‌ಸೀಸ್ ಕೋಟಾದವರೇ. ಒಂದು ತಂಡದಲ್ಲಿ ನಾಲ್ಕೇ ಜನ ಆಡಬಹುದಂತೆ, ಲೆಕ್ಕ ಸರಿಹೋಯ್ತು.” ಲೋಟ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ಇನ್ನೊಂದು ಬಿಟ್ಟಳು. “ಕಪ್ ಕಪ್ ಅಂತ ಅಳ್ತೀರಲ್ಲ, ಮಾರ್ಚಿನಲ್ಲಿ ನಮ್ಮ ಆರ್‌ಸಿಬಿ ಹುಡುಗಿಯರು ಡೆಲ್ಲಿಯಲ್ಲಿ ಎತ್ತಿಕೊಂಡು ಬಂದದ್ದು ಕಪ್ ಅಲ್ವಾ? ಫೈನಲ್‌ನಲ್ಲಿ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದಳು. ಆವತ್ತು ಈ ಮಣೆ ಮೇಲೆ ಒಬ್ಬರೂ ಇರಲಿಲ್ಲ.”

ಕತ್ತಿಲ್ಲದ ನವಿಲನ್ನು ನಾಲ್ವರೂ ಮೊದಲ ಬಾರಿಗೆ ನೋಡುವವರಂತೆ ನೋಡಿದೆವು.

ಫೆಬ್ರವರಿ 13ಕ್ಕೆ ಸುದ್ದಿ ಬಂತು. ಕ್ಯಾಪ್ಟನ್ ರಜತ್ ಪಾಟೀದಾರ್. ಕೊಹ್ಲಿಯೇ ಮರಳಿ ಬರುತ್ತಾನೆ ಎಂದು ಪಂಥ ಕಟ್ಟಿದ್ದ ಹುಬ್ಬಳ್ಳಿಯವರು ಎಲ್ಲರಿಗೂ ಫಾಫ್ಡಾ, ಜಲೇಬಿ ಕೊಡಿಸಬೇಕಾಯಿತು. ರಾಹುಲ್ ಬೇಕೆಂದ ನಾವಿಬ್ಬರು ಒಂದು ಕಡೆ, ಯಾರಾದರೂ ನಡೆದೀತು ಎನ್ನುವ ರಾಯರು ಇನ್ನೊಂದು ಕಡೆ. ರಾಯರು ನಲವತ್ತು ವರ್ಷ ಉಪಗ್ರಹಕ್ಕೆ ಕಣ್ಣು ಜೋಡಿಸಿದವರು. “ಮೇಲೆ ಹೋದಾಗ ಮಾತಾಡೋದು ಬೇಕಿಲ್ಲ, ತಿರುಗಿದರೆ ಸಾಕು” ಅಂದರು.

ಏಪ್ರಿಲ್ 10. ಚಿನ್ನಸ್ವಾಮಿಯಲ್ಲಿ ಡೆಲ್ಲಿ ಎದುರು ಆಟ. ಗೆಲ್ಲಲು 164 ಬೇಕಿದ್ದ ಡೆಲ್ಲಿಯ ನಾಲ್ಕು ವಿಕೆಟ್ ಬೇಗ ಬಿದ್ದವು, ರಾಹುಲ್ ಮಾತ್ರ ಬೀಳಲಿಲ್ಲ. 53 ಬಾಲಿಗೆ ಔಟಾಗದೆ 93. ಕೊನೆಗೊಂದು ಸಿಕ್ಸರ್ ಎತ್ತಿ, ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ನಡುವೆ ಬ್ಯಾಟು ಕುಟ್ಟಿ ನಿಂತ. ಇದು ನನ್ನ ನೆಲ ಎಂಬ ಹಾಗೆ. ‘ಕಾಂತಾರ’ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ; ಅಲ್ಲಿಂದಲೇ ತೆಗೆದುಕೊಂಡದ್ದು ಎಂದು ಅವನೇ ಆಮೇಲೆ ಹೇಳಿದ.

ಮಾರನೆಯ ಬೆಳಿಗ್ಗೆ ಬಾಲ್ಕನಿಗೆ ಹೋದರೆ ತೂಗುಮಣೆಯ ಸುತ್ತ ರಂಗೋಲಿ ಪುಡಿಯಲ್ಲಿ ಒಂದು ವೃತ್ತ. ಸುರತ್ಕಲ್‌ನವರು ವಾಕಿಂಗ್ ಹೋಗುವ ದಾರಿಯಲ್ಲಿ ಬಂದು, ಮನೆಯಾಕೆಯಿಂದ ಪುಡಿ ಇಸಿದುಕೊಂಡು, ಎಳೆದು, ಕಾಫಿಯನ್ನೂ ಕುಡಿಯದೆ ಹೋಗಿದ್ದರು. ಒಂದು ವಾರ ನಾವು ಅದನ್ನು ದಾಟದೆ ಕುರ್ಚಿಯ ಮೇಲೆ ಕೂತೆವು.

ಆದರೆ ಆ ಸೀಸನ್ ನಮ್ಮನ್ನೆಲ್ಲ ಪೆದ್ದರನ್ನಾಗಿಸಿ ಮುಂದೆ ಹೋಯಿತು. ಚಿನ್ನಸ್ವಾಮಿಯಲ್ಲಿ ಮೊದಲ ಮೂರು ಆಟ ಸೋತವರು, ಪರ ಊರಿನ ಏಳಕ್ಕೆ ಏಳು ಲೀಗ್ ಆಟ ಗೆದ್ದರು. ಐಪಿಎಲ್‌ನಲ್ಲಿ ಯಾವ ತಂಡವೂ ಅದನ್ನು ಮಾಡಿರಲಿಲ್ಲ. ಮನೆಯಲ್ಲಿ ಮುಖ ಗಂಟು, ಹೊರಗೆ ಹೋದರೆ ನಗುಮುಖ. ಇಂಥ ಸ್ವಭಾವದ ಗಂಡಸರ ಬಗ್ಗೆ ಮನೆಯಾಕೆಗೆ ಅನುಭವವಿದೆಯಂತೆ.

ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡಿನ ಸದ್ದಾಗಿ ಆಟ ನಿಂತು, ಮತ್ತೆ ಶುರುವಾಗಿ, ಹೊಸ ವೇಳಾಪಟ್ಟಿ ಬಂತು. ಕೋಲ್ಕತ್ತಾದಲ್ಲಿ ಆಗಬೇಕಿದ್ದ ಫೈನಲ್ ಅಹಮದಾಬಾದಿಗೆ. ಜೂನ್ 3. ಬೆಂಗಳೂರು ಮತ್ತು ಪಂಜಾಬ್. ನನಗೆ ಕಂಪನಿಯ ಕಡೆಯಿಂದ ಒಂದು ಟಿಕೆಟ್ಟೂ ಸಿಕ್ಕಿತು. ಹದಿನೆಂಟು ವರ್ಷದ ತಪಸ್ಸಿಗೆ ದೇವರು ಮನೆ ಬಾಗಿಲಿಗೇ ಬಂದ ಎಂದು ಟ್ರಂಕು ಇಳಿಸಲು ಸ್ಟೂಲು ಹಾಕಿದೆ.

“ಎಲ್ಲಿಗೆ?” ಎಂದಳು ಮನೆಯಾಕೆ.

ಪಂಚಾಯಿತಿ ಸೇರಿತು. 2022ರಲ್ಲಿ ನಾನು ಹೋದೆ, ಸೋಲು. 2024ರಲ್ಲಿ ನಾನು ಹೋದೆ, ಸೋಲು. ಬಾಹ್ಯಾಕಾಶ ವಿಜ್ಞಾನಿಯಾದ ರಾಯರಾದರೂ ನನ್ನ ಪರ ನಿಲ್ಲುತ್ತಾರೆಂದು ನೋಡಿದೆ. ಅವರು ಕನ್ನಡಕ ಒರೆಸಿಕೊಂಡು, “ಎರಡು ಡೇಟಾ ಪಾಯಿಂಟ್ ಸಾಲದು ಅಂತ ವಿಜ್ಞಾನ ಹೇಳುತ್ತೆ. ಮೂರನೇದಕ್ಕೆ ಪ್ರಯೋಗ ಮಾಡೋದು ಬೇಡ” ಎಂದರು. ಟಿಕೆಟ್ ಕಾಕಾನ ಜೇಬು ಸೇರಿತು. ಅವರು ರಸ್ತೆ ಬದಿಯಲ್ಲಿ ಚೌಕಾಸಿ ಮಾಡಿ ಕೊಂಡ 18 ನಂಬರಿನ ಕೆಂಪು ಜೆರ್ಸಿಯನ್ನು ಅರ್ಧ ತೋಳಿನ ಅಂಗಿಯ ಮೇಲೇ ಹಾಕಿಕೊಂಡು, ಜೇಬಿನಲ್ಲಿ ಖಾಖ್ರಾ ಪ್ಯಾಕೆಟ್ ಇಟ್ಟುಕೊಂಡು, ಲಿಫ್ಟ್ ಬಾಗಿಲು ಮುಚ್ಚುವಾಗ ಕೈಯೆತ್ತಿ, “ಈ ಸಲ ಕಪ್ ನಮ್ದೇ!” ಎಂದರು. ಈ ಬಾರಿ ಪ್ರಶ್ನೆಯ ಧಾಟಿ ಇರಲಿಲ್ಲ.

ನಾವು 190. ದೊಡ್ಡ ಮೊತ್ತವೇನಲ್ಲ. 26.75 ಕೋಟಿಯ ಶ್ರೇಯಸ್ ಅಯ್ಯರ್ ಒಂದೇ ರನ್ನಿಗೆ ಶೆಫರ್ಡ್‌ಗೆ ವಿಕೆಟ್ ಕೊಟ್ಟಾಗ ಕಾಕಾ ಸ್ಟೇಡಿಯಂನಿಂದ ಫೋನ್ ಮಾಡಿ “ಏರಿದ ಷೇರು!” ಎಂದು ಕಿರುಚಿ ಇಟ್ಟರು. ಆಟ ತಿರುಗಿಸಿದವನು ಕೃಣಾಲ್ ಪಾಂಡ್ಯ. ಬರೋಡಾ ತಂಡದ ಎಡಗೈ ಸ್ಪಿನ್ನರ್, ನಾವು 5.75 ಕೋಟಿಗೆ ತಂದವನು. 4 ಓವರ್, 17 ರನ್, 2 ವಿಕೆಟ್. ಅಣ್ಣ ಬೆಂಗಳೂರಿಗೆ, ತಮ್ಮ ಹಾರ್ದಿಕ್ ಮುಂಬೈಗೆ. ಇನ್ನೊಂದು ಕಡೆ ಗುಜರಾತ್ ಟೈಟನ್ಸ್‌ಗೆ ಆ ವರ್ಷ 25 ವಿಕೆಟ್ ತೆಗೆದು ನೇರಳೆ ಟೋಪಿ ಹಾಕಿಕೊಂಡವನು ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ, 9.5 ಕೋಟಿ. ಗುಜರಾತು ನಮಗೊಬ್ಬನನ್ನು ಕೊಟ್ಟು ನಮ್ಮಿಂದೊಬ್ಬನನ್ನು ಪಡೆದಿತ್ತು. ಕೆಳಗಿನ ಮನೆಯಿಂದ ಊಂಧಿಯು ಬಂದ ಡಬರಿಯಲ್ಲಿ ನಮ್ಮ ಬಿಸಿಬೇಳೆಬಾತ್ ವಾಪಸ್ ಹೋಗುವ ಹಾಗೆ.

ಕೊನೆಯ ಓವರ್. ಹೇಜಲ್‌ವುಡ್ ಕೈಯಲ್ಲಿ ಚೆಂಡು, ಪಂಜಾಬಿಗೆ 29 ಬೇಕು. ಮೊದಲ ಎರಡು ಬಾಲಿಗೆ ರನ್ನಿಲ್ಲ. ಉಳಿದ ನಾಲ್ಕಕ್ಕೆ ನಾಲ್ಕೂ ಸಿಕ್ಸರ್ ಹೊಡೆದರೂ ಆಗದು, ನೋಬಾಲು, ವೈಡು ಹಾಕದಿದ್ದರೆ ಸಾಕು ಎಂದು ರಾಯರು ಲೆಕ್ಕ ಒಪ್ಪಿಸಿದರು. ನಾವು ನಂಬಲಿಲ್ಲ. ಆರ್‌ಸಿಬಿ ವಿಷಯದಲ್ಲಿ ಗಣಿತವನ್ನು ನಂಬಿ ಕೆಟ್ಟವರು ನಾವು. ಶಶಾಂಕ್ ಸಿಂಗ್ 6, 4, 6, 6 ಬಾರಿಸಿದ. ನಾಲ್ಕೂ ಬಾಲಿಗೆ ಹುಬ್ಬಳ್ಳಿಯವರು “ಯಪ್ಪಾ” ಎಂದರು. 184ಕ್ಕೆ ನಿಂತಿತು. ಆರು ರನ್. 2009ರ ಫೈನಲ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದ ದಿನ ನಾವು ಸೋತದ್ದೂ ಆರೇ ರನ್ನಿಗೆ. ಟಿವಿಯಲ್ಲಿ ಕೊಹ್ಲಿ ಮಂಡಿಯೂರಿ ಅಳುತ್ತಿದ್ದ. ಪಾಟೀದಾರ್ ಮೈಕ್ ಹಿಡಿದು ಅದೇ ನಾಲ್ಕು ಮಾತು ಆಡಿದ. ಆ ರಾತ್ರಿ ನಮಗೆ ಅದು ಸಾಕಾಗಿತ್ತು.

ವಿಸ್ಕಿಯ ಹೆಸರು ಹೊತ್ತು ಹುಟ್ಟಿದ ತಂಡ ಹದಿನೆಂಟು ವರ್ಷದ ಮೇಲೆ ಕಪ್ ಗೆದ್ದದ್ದು ಪಾನನಿಷೇಧದ ಗುಜರಾತಿನಲ್ಲಿ. ಬೆಂಗಳೂರಿನ ಗೆಳೆಯರು ಫೋಟೊ ಕಳಿಸುತ್ತಿದ್ದರು, ಏನೇನೋ ಬಣ್ಣದ ಲೋಟಗಳು. ನಾವು ಜೀರಿಗೆ ಹಾಕಿದ ಛಾಶ್ ಲೋಟ ಎತ್ತಿದೆವು. ಮಜ್ಜಿಗೆಯೇ, ಹೆಸರು ಮಾತ್ರ ಬೇರೆ. ರಾತ್ರಿ ಎರಡಕ್ಕೆ ಬಂದ ಕಾಕಾನ ಗಂಟಲು ಕಟ್ಟಿಹೋಗಿತ್ತು. ಸುರತ್ಕಲ್‌ನವರು ಮಾತ್ರ ಮೂಲೆಯಲ್ಲಿ ಕೂತು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, “ಅವನಿದ್ದಿದ್ದರೆ ಇಪ್ಪತ್ತು ರನ್ನಿನಿಂದ ಗೆಲ್ಲುತ್ತಿದ್ದೆವು” ಎಂದರು.

ಮರುದಿನ, ಜೂನ್ 4ರ ಸಂಜೆ, ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಗೆಲುವು ನೋಡಲು ಹೋದವರು. ಅದನ್ನು ಹರಟೆಯೊಳಗೆ ತರುವ ಶಕ್ತಿ ನನಗಿಲ್ಲ. ಆ ವಾರ ತೂಗುಮಣೆಯನ್ನು ಯಾರೂ ಮುಟ್ಟಲಿಲ್ಲ.

ಡಿಸೆಂಬರಿನ ಕಿರು ಹರಾಜು ಅಬುಧಾಬಿಯಲ್ಲಿ ನಡೆಯಿತು. ಲಿವಿಂಗ್‌ಸ್ಟನ್‌ನನ್ನು ಅಷ್ಟರಲ್ಲಿ ಬಿಟ್ಟಾಗಿತ್ತು. ಯಾರಿಗೆ 23.50 ಕೋಟಿವರೆಗೆ ಕೂಗಿದ್ದೆವೋ ಅದೇ ವೆಂಕಟೇಶ್ ಅಯ್ಯರ್ ಈ ಬಾರಿ 7 ಕೋಟಿಗೆ ನಮ್ಮ ಮನೆಗೆ ಬಂದ. ಕಾಕಾ ಒಂದು ತಿಂಗಳು ಲಿಫ್ಟಿನಲ್ಲಿ ನಮಗೆ ಷೇರು ಪೇಟೆಯ ಪಾಠ ಮಾಡಿದರು. ಡಲ್ಲಾಸ್‌ನಲ್ಲಿ ಡ್ಯಾಕ್ ಗುಣವಾಗಿ ಎದ್ದು ಬಂದಿದ್ದಾನೆ, ಆದರೂ ಹೊಸಬ ಬೇಕು ಎನ್ನುವವರ ಬಾಯಿ ನಿಂತಿಲ್ಲವಂತೆ. ಇಲ್ಲಿ ನಾವು ಹೊಸ ವಿಷಯ ಹಿಡಿದಿದ್ದೇವೆ: ಕೊಹ್ಲಿ ಬಿಟ್ಟ ಮೇಲೆ ಯಾರು? ಸುರತ್ಕಲ್‌ನವರ ಉತ್ತರ ನಿಮಗೆ ಗೊತ್ತೇ ಇದೆ.

ಈ ಕಡೆ ಬಂದರೆ ಮನೆಗೆ ಬನ್ನಿ. ಭಾನುವಾರ ನಾಲ್ಕರ ಮೇಲೆ ಇರುತ್ತೇವೆ. ರಾಹುಲ್ ಬೇಕು ಎನ್ನುವವರಿಗೆ ಮಣೆಯ ಎಡಗಡೆ ಜಾಗ, ಬೇಡ ಎನ್ನುವವರಿಗೆ ಬಲಗಡೆ. ನಾನು ಈಗ ನಡುವೆ ಕೂರುತ್ತೇನೆ. ಕೊಂಡಿಗೆ ಎಣ್ಣೆ ಬಿಟ್ಟಿದೆ, ಖಾಲಿ ಮಣೆಯನ್ನು ಮಾತ್ರ ತೂಗಬೇಡಿ.